ಎತ್ತರದ ಹುಡುಗರೆದುರು ಸೋಲುವ ಮಗ

ಪ್ರಶ್ನೆ: ನವೆಂಬರಿನಲ್ಲಿ ಹುಟ್ಟಿದ ನನ್ನ ಮಗ 12 ವರ್ಷದವನು. 14ರೊಳಗಿನವರ ಟೆನಿಸ್ ಪಂದ್ಯಗಳಲ್ಲಿ ಎತ್ತರದ ಹುಡುಗರೆದುರು ಸೋತು ಅಳುತ್ತಾನೆ. ಅವನಲ್ಲಿ ಶಕ್ತಿ ಕಡಿಮೆಯೇ, ಧೈರ್ಯ ಕಡಿಮೆಯೇ?
– ಒಬ್ಬ ತಾಯಿ, ಶಿರಸಿ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಅವನು ಹುಟ್ಟಿದ ತಿಂಗಳು. ವಯೋಮಿತಿಯನ್ನು ಹುಟ್ಟಿದ ಇಸವಿಯಿಂದ ಲೆಕ್ಕ ಹಾಕುವ ಕಡೆ, ಜನವರಿಯಲ್ಲಿ ಹುಟ್ಟಿದವನು ನಿಮ್ಮ ಮಗನಿಗಿಂತ ಹತ್ತು ತಿಂಗಳು ದೊಡ್ಡವನಾಗಿದ್ದರೂ ಅದೇ ವರ್ಗದಲ್ಲಿ ಆಡುತ್ತಾನೆ. ಹುಡುಗರು ಸಾಮಾನ್ಯವಾಗಿ 13ರಿಂದ 15ರ ನಡುವೆ ವೇಗವಾಗಿ ಬೆಳೆಯುವುದರಿಂದ, ಬೇಗ ಬೆಳೆದವನ ಸರ್ವಿಸಿನ ಬಿರುಸು ಕೆಲವು ವರ್ಷ ಮಾತ್ರ ಮೇಲುಗೈ ಕೊಡುತ್ತದೆ. ಈ ಅವಧಿಯಲ್ಲಿ ಪಾದಚಲನೆ, ಸಮತೋಲನ ಮತ್ತು ಸರ್ವಿಸಿನ ಸರಿಯಾದ ವಿಧಾನ ಕಲಿತವನಿಗೆ ಎತ್ತರ ಆಮೇಲೆ ಬಂದರೂ ನಷ್ಟವಿಲ್ಲ. ಮಳೆಗಾಲದಲ್ಲಿ ಅಂಕಣ ಒದ್ದೆಯಾದಾಗ ಜಗಲಿಯಲ್ಲೇ ಹಗ್ಗದಾಟ ಆಡಿಸಿ. ಮೊಣಕಾಲಿನ ಕೆಳಗೆ ನೋವೆಂದರೆ ಮಾತ್ರ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಅಳುವುದು ಹೇಡಿತನವಲ್ಲ, ಟೆನಿಸಿನಲ್ಲಿ ಮಗು ಒಂಟಿ, ತಪ್ಪನ್ನು ಹಂಚಿಕೊಳ್ಳಲು ಜೊತೆಗಾರರಿಲ್ಲ. ಎರಡು ಅಂಕಗಳ ನಡುವೆ ನಿಯಮದಂತೆ ಸಿಗುವ 25 ಸೆಕೆಂಡುಗಳಲ್ಲಿ ಬೆನ್ನು ತಿರುಗಿಸಿ, ದೀರ್ಘವಾಗಿ ಉಸಿರು ಬಿಟ್ಟು, ಮುಂದಿನ ಚೆಂಡನ್ನು ಎಲ್ಲಿ ಹೊಡೆಯಬೇಕೆಂಬುದೊಂದನ್ನೇ ಯೋಚಿಸುವುದನ್ನು ಅಭ್ಯಾಸದ ದಿನಗಳಲ್ಲೇ ರೂಢಿಸಿ. ಕಾರವಾರದಲ್ಲಿ ಸೋತು ದೇವಿಮನೆ ಘಟ್ಟ ಹತ್ತುವಾಗ, ದಯವಿಟ್ಟು, ಪಂದ್ಯದ ವಿಮರ್ಶೆ ಬೇಡ. ಅವನಾಗಿ ಮಾತೆತ್ತಿದರೆ ಕೇಳಿಸಿಕೊಳ್ಳಿ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದದ್ದು 2024ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ ಎಂಬುದನ್ನು ಅವನಿಗೆ ತಿಳಿಸಿ.