ಸಿಂಗಪುರಕ್ಕೆ ಏಳು ಗಂಟೆಯಾ, ನಾಲ್ಕೂವರೆಯಾ?

ಪ್ರಶ್ನೆ: ಮಗಳ ಬಾಣಂತನಕ್ಕೆ ಸಿಂಗಪುರಕ್ಕೆ ಹೊರಟಿದ್ದೇನೆ. ಇದೇ ಮೊದಲ ಸಲ ವಿಮಾನ ಹತ್ತುವುದು. ಬೆಂಗಳೂರಿನಿಂದ ರಾತ್ರಿ 11ಕ್ಕೆ ಹೊರಟು ಬೆಳಿಗ್ಗೆ 6ಕ್ಕೆ ತಲುಪುತ್ತದೆ ಅಂತ ಟಿಕೆಟ್‌ನಲ್ಲಿದೆ. ಏಳು ಗಂಟೆ ಆಯ್ತಲ್ವಾ? ಬರುವಾಗ ರಾತ್ರಿ 8ಕ್ಕೆ ಹೊರಟರೆ 10ಕ್ಕೇ ಬೆಂಗಳೂರಂತೆ! ಮಗಳು ನಾಲ್ಕೂವರೆ ಗಂಟೆ ಅನ್ನುತ್ತಾಳೆ. ಮಂಡಿನೋವಿದೆ, ಎಷ್ಟು ಹೊತ್ತು ಕೂರಬೇಕು ಹೇಳಿ.
– ಓದುಗರು, ವಿರಾಜಪೇಟೆ

ಉತ್ತರ: ಮಗಳು ಹೇಳಿದ್ದೇ ಸರಿ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಹೋಗುವಾಗಿನ ಏಳರಿಂದ ಅದನ್ನು ಕಳೆಯಿರಿ, ಬರುವಾಗಿನ ಎರಡಕ್ಕೆ ಕೂಡಿಸಿ, ಎರಡೂ ನಾಲ್ಕೂವರೆಗೇ ಬರುತ್ತದೆ. ಒಂದು ಸಂಗತಿ ಹೇಳಲೇಬೇಕು. 1982ರ ಜನವರಿ 1ರಂದು ಸಿಂಗಪುರ ತನ್ನ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಕೊಂಡಿತು, ಮಲೇಷ್ಯಾದ ಜೊತೆ ಸಮಯ ಹೊಂದಲಿ ಅಂತ. ಹಾಗಾಗಿ ಅಲ್ಲಿ ಸೂರ್ಯ ಹುಟ್ಟುವುದೇ ಏಳರ ಹೊತ್ತಿಗೆ. ನೀವು 6ಕ್ಕೆ ಇಳಿದಾಗ ಹೊರಗೆ ಇನ್ನೂ ಕತ್ತಲಿದ್ದರೆ ಗಾಬರಿ ಬೇಡ.

ನೇರ ದೂರ ಸುಮಾರು 3,170 ಕಿಲೋಮೀಟರ್. ವಿಮಾನದ ವೇಗ ಗಂಟೆಗೆ 900ರ ಆಸುಪಾಸು ಅಂತ ಲೆಕ್ಕ ಹಾಕಿದರೆ ಮೂರೂವರೆ ಗಂಟೆಯೇ ಸಾಕು, ಆದರೆ ರನ್‌ವೇಗೆ ಹೋಗುವುದು, ಮೇಲೇರುವುದು, ಬಂಗಾಳ ಕೊಲ್ಲಿ ದಾಟಿ ಚಾಂಗಿ ನಿಲ್ದಾಣಕ್ಕೆ ನಿಧಾನವಾಗಿ ಇಳಿಯುವುದು, ಇಳಿದ ಮೇಲೆ ಗೇಟಿನವರೆಗೆ ಬರುವುದು, ಎಲ್ಲಾ ಸೇರಿ ಇನ್ನೊಂದು ಗಂಟೆ ಹಿಡಿಯುತ್ತದೆ.

ನನಗೆ ಚಿಂತೆ ಇರುವುದು ರಸ್ತೆಯದ್ದು. ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಹತ್ತಿರದ್ದು ಕಣ್ಣೂರು, ಮಾಕುಟ್ಟ ಘಾಟಿ ಇಳಿದರೆ ಆಯ್ತು, ಆದರೆ ಅಲ್ಲಿಂದ ಗಲ್ಫ್ ಕಡೆಯ ವಿಮಾನಗಳೇ ಜಾಸ್ತಿ. ನೀವು ಗೋಣಿಕೊಪ್ಪ, ಹುಣಸೂರು, ಮೈಸೂರು ದಾಟಿ, ಬೆಂಗಳೂರಿನ ಆ ಟ್ರಾಫಿಕ್ಕಿನಲ್ಲಿ ನುಗ್ಗಿ, ಊರಿನ ಆಚೆ ತುದಿಯ ದೇವನಹಳ್ಳಿಗೆ ಹೋಗಬೇಕು. ಏಳೆಂಟು ಗಂಟೆ ಇಟ್ಟುಕೊಳ್ಳಿ. ಮೂರು ಗಂಟೆ ಮೊದಲು, ಅಂದರೆ 8ಕ್ಕೆ ಅಲ್ಲಿರಬೇಕು. ಮಧ್ಯಾಹ್ನ 12ರ ಒಳಗೆ ಮನೆ ಬಿಡಿ, ಮಳೆಗಾಲವಾದರೆ 10ಕ್ಕೇ ಬಿಡಿ. ಸಾಧ್ಯವಿದ್ದರೆ ಹಿಂದಿನ ದಿನವೇ ಹೋಗಿ ಮೈಸೂರಿನಲ್ಲಿ ಮಲಗಿ, ಮಂಡಿಗೆ ಅದೇ ಒಳ್ಳೆಯದು. ವಿಮಾನದಲ್ಲಿ ಓಡಾಡುವ ದಾರಿ ಬದಿಯ ಸೀಟು ಕೇಳಿ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ವೀಲ್‌ಚೇರ್ ಬೇಕಿದ್ದರೆ ಎರಡು ದಿನ ಮುಂಚೆಯೇ ಹೇಳಿಡಿ, ಇದಕ್ಕೆಲ್ಲ ನಾಚಿಕೆ ಬೇಡ. ಮಗಳಿಗೆ ಅಂತ ಜೇನು, ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಒಯ್ಯುತ್ತೀರೇನೋ, ಅದು ದೊಡ್ಡ ಬ್ಯಾಗಿಗೆ ಹೋಗಲಿ. ಕೈಚೀಲದಲ್ಲಿ 100 ಎಂಎಲ್‌ಗಿಂತ ದೊಡ್ಡ ಬಾಟಲಿ ಇದ್ದರೆ ತೆಗೆದಿಟ್ಟುಬಿಡುತ್ತಾರೆ.

ಪ್ರಶ್ನೆ: ದೆಹಲಿಯಿಂದ ಟೋಕಿಯೊಗೆ ಹೋಗಲು ಸುಮಾರು ಏಳೂವರೆ ಗಂಟೆ, ಬರಲು ಒಂಬತ್ತಕ್ಕೂ ಜಾಸ್ತಿ. ಗಡಿಯಾರದ ವ್ಯತ್ಯಾಸ ಕಳೆದ ಮೇಲೂ ಹೀಗ್ಯಾಕೆ?
– ಓದುಗರು, ಕುಶಾಲನಗರ

ಉತ್ತರ: ಗಾಳಿಯಿಂದ. ಹತ್ತು ಕಿಲೋಮೀಟರ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿಯ ಹೊಳೆಯೇ ಹರಿಯುತ್ತದೆ, ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಜಪಾನಿನ ಮೇಲೆ ಚಳಿಗಾಲದಲ್ಲಿ ಅದರ ಜೋರು ಇನ್ನೂ ಹೆಚ್ಚು. ಹೋಗುವಾಗ ಬೆನ್ನಿಗೆ ತಳ್ಳುತ್ತದೆ, ಬರುವಾಗ ಎದುರಿಗೆ ಬಡಿಯುತ್ತದೆ. ಮಳೆಗಾಲದ ಕಾವೇರಿಯಲ್ಲಿ ಹರಿವಿನ ಜೊತೆ ದೋಣಿ ಬಿಟ್ಟ ಹಾಗೆ, ಹರಿವಿಗೆ ಎದುರು ಹುಟ್ಟು ಹಾಕಿದ ಹಾಗೆ.