ಚಳಿಗಾಲಕ್ಕೆ ಕಾರನ್ನು ನಿಲ್ಲಿಸಿಡುವ ಮುನ್ನ ಏನು ಮಾಡಬೇಕು?

ಅಮೆರಿಕದ ಮಿನ್ನೆಸೋಟಾದಂಥ ಶೀತಪ್ರದೇಶದಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಕಾರನ್ನು ಗ್ಯಾರೇಜಿನಲ್ಲಿ ನಿಲ್ಲಿಸಿಡುವುದು ಹೇಗೆಂದು ಕೇಳಿದ್ದೀರಿ. ಮೊದಲ ಗಮನ ಬ್ಯಾಟರಿಯ ಮೇಲಿರಲಿ. ಪೂರ್ತಿ ಚಾರ್ಜ್ ಆದ ಲೆಡ್-ಆಸಿಡ್ ಬ್ಯಾಟರಿಯು ಮೈನಸ್ 50 ಡಿಗ್ರಿ ಸೆಲ್ಸಿಯಸ್‌ನಲ್ಲೂ ಹೆಪ್ಪುಗಟ್ಟುವುದಿಲ್ಲ. ಆದರೆ ಚಾರ್ಜ್ ಬರಿದಾದಾಗ ಅದರೊಳಗಿನ ಆಮ್ಲವು ತೆಳುವಾಗಿ, ಮೈನಸ್ 10ರ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಕವಚವನ್ನು ಸೀಳಬಹುದು. ಆದ್ದರಿಂದ ಅದನ್ನು ಬ್ಯಾಟರಿ ಮೇಂಟೇನರ್‌ಗೆ (ಚಾರ್ಜ್ ಇಳಿಯದಂತೆ ನೋಡಿಕೊಳ್ಳುವ ಸಣ್ಣ ಚಾರ್ಜರ್) ಜೋಡಿಸಿಡುವುದು ಒಳ್ಳೆಯದು.

ಟ್ಯಾಂಕಿನ ತುಂಬ ಪೆಟ್ರೋಲ್ ಹಾಕಿಸಿ, ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸಿ, ಅದು ಎಂಜಿನ್‌ಗೆ ಇಂಧನ ಸಿಂಪಡಿಸುವ ಇಂಜೆಕ್ಟರ್‌ಗಳನ್ನು ತಲುಪುವಂತೆ ಸ್ವಲ್ಪ ದೂರ ಓಡಿಸಬೇಕು. ಹಳೆಯ ಎಂಜಿನ್ ಆಯಿಲ್‌ನಲ್ಲಿ ಆಮ್ಲ ಮತ್ತು ತೇವಾಂಶ ಸೇರಿರುವುದರಿಂದ ಅದನ್ನು ವಸಂತದಲ್ಲಲ್ಲ, ನಿಲ್ಲಿಸುವ ಮುನ್ನವೇ ಬದಲಿಸಬೇಕು. ಎಂಜಿನ್ ತಂಪಾಗಿಡುವ ದ್ರವವಾದ ಕೂಲೆಂಟ್ ಅರ್ಧಕ್ಕೆ ಅರ್ಧ ನೀರಿನೊಂದಿಗೆ ಬೆರೆತಿದ್ದರೆ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದೆ ತಡೆದುಕೊಳ್ಳುತ್ತದೆ.

ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಅದು ಅಂಟಿಕೊಳ್ಳಬಹುದು; ಬದಲಿಗೆ ಚಕ್ರಗಳಿಗೆ ಮರದ ತುಂಡುಗಳನ್ನು ಅಡ್ಡ ಕೊಡಿ. ಸೈಲೆನ್ಸರ್ ಕೊಳವೆಯ ಬಾಯಿಗೆ ಇಲಿ ನುಗ್ಗದಂತೆ ಉಕ್ಕಿನ ನಾರು ತುರುಕಿ, ಅದನ್ನು ತೆಗೆಯಲು ನೆನಪಿಸುವ ಚೀಟಿಯೊಂದನ್ನು ಸ್ಟೀರಿಂಗ್‌ಗೆ ಅಂಟಿಸಿಡಿ (ಮಾರ್ಚ್ ಹೊತ್ತಿಗೆ ಮರೆತೇ ಹೋಗಿರುತ್ತದೆ).

ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಚಾಲೂ ಮಾಡುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಎಂಜಿನ್ ಸರಿಯಾಗಿ ಬಿಸಿಯಾಗದೆ, ದಹನದಿಂದ ಹುಟ್ಟಿದ ನೀರು ಆಯಿಲ್‌ನಲ್ಲೂ ಸೈಲೆನ್ಸರ್‌ನಲ್ಲೂ ಉಳಿದುಬಿಡುತ್ತದೆ.