ಓದುಗರ ಪ್ರಶ್ನೆ: ಶೋಪಾನ್‌ಗೆ ಏನಾಗಿತ್ತು?

ಪ್ರಶ್ನೆ: ಮಗಳು ಕೀಬೋರ್ಡ್ ಕ್ಲಾಸಿಗೆ ಸೇರಿದಾಗಿನಿಂದ ಮನೇಲಿ ಬರೀ ಶೋಪಾನ್ ಜಪ. 39ಕ್ಕೇ ಸತ್ತುಹೋದನಂತೆ, ಟಿಬಿ ಅಂತಾರೆ, ಕೆಲವರು ಅಲ್ಲ ಅಂತಾರೆ. ಯಾವುದು ಸರಿ? (ಓದುಗರು, ಚಿಕ್ಕಮಗಳೂರು)

ಉತ್ತರ: ಈಗ ಹೆಚ್ಚಿನವರು ಟಿಬಿ ಅಂತಲೇ ಹೇಳೋದು ಮೇಡಂ. ಶೋಪಾನ್ ಅಂದ್ರೆ ಪಿಯಾನೋಗೆ ಸಂಗೀತ ಬರೆದು ಹೆಸರಾದವನು, 1810ರಲ್ಲಿ ಪೋಲೆಂಡಿನ ವಾರ್ಸಾ ಹತ್ತಿರದ ಹಳ್ಳೀಲಿ ಹುಟ್ಟಿದವನು, ಚಿಕ್ಕವನಿಂದಲೂ ಸಣಕಲ, ಯಾವಾಗ ನೋಡಿದ್ರೂ ಕೆಮ್ಮು. ತಂಗಿ ಎಮಿಲಿಯಾ 14 ವರ್ಷಕ್ಕೇ ತೀರಿಕೊಂಡಳು, ಅದೂ ಟಿಬಿಯಿಂದಲೇ ಅಂತಾರೆ. 1849ರ ಅಕ್ಟೋಬರ್ 17ಕ್ಕೆ ಪ್ಯಾರಿಸ್‌ನಲ್ಲಿ ಇವನೂ ಹೋದ. ಪೋಸ್ಟ್‌ಮಾರ್ಟಂ ಏನೋ ಆಯ್ತು, ಆದ್ರೆ ಆ ರಿಪೋರ್ಟೇ ಕಳೆದುಹೋಯ್ತು ನೋಡಿ, ಅದಕ್ಕೇ ಸಿಸ್ಟಿಕ್ ಫೈಬ್ರೋಸಿಸ್ (ಹುಟ್ಟಿನಿಂದಲೇ ಬರೋ, ಶ್ವಾಸಕೋಶ ಕೆಡಿಸೋ ಕಾಯಿಲೆ) ಇರಬೇಕು ಅದು ಇರಬೇಕು ಇದು ಇರಬೇಕು ಅಂತ ಆಮೇಲಿನ ಡಾಕ್ಟರುಗಳು ಕಿತ್ತಾಡ್ತಾನೇ ಬಂದ್ರು. ದೇಹ ಪ್ಯಾರಿಸ್‌ನಲ್ಲೇ ಮಣ್ಣಾಯ್ತು, ಹೃದಯ ಮಾತ್ರ ಅಕ್ಕ ಲುಡ್ವಿಕಾ ಗಾಜಿನ ಜಾಡಿಯಲ್ಲಿಟ್ಟುಕೊಂಡು ವಾರ್ಸಾಕ್ಕೆ ತಂದಳು, ಈಗಲೂ ಅಲ್ಲಿನ ಹೋಲಿ ಕ್ರಾಸ್ ಚರ್ಚಿನ ಕಂಬದೊಳಗಿದೆ. 2014ರಲ್ಲಿ ಒಂದು ರಾತ್ರಿ ತಜ್ಞರು ಆ ಜಾಡಿ ಹೊರಗೆ ತೆಗೆದು, ಮುಚ್ಚಳ ಬಿಚ್ಚದೇನೇ ನೋಡಿದ್ರು. ಹೃದಯದ ಮೇಲೆಲ್ಲಾ ಬಿಳೀ ನಾರಿನಂಥ ಪೊರೆ, ಅಲ್ಲಲ್ಲಿ ಸಣ್ಣ ಗಂಟು. ಟಿಬಿ ಹೃದಯದ ಹೊದಿಕೆಗೂ ಹಬ್ಬಿತ್ತು ಅಂತ 2017ರಲ್ಲಿ ಬರೆದ್ರು. ಜಾಡಿ ತೆರೆದು ಟೆಸ್ಟ್ ಮಾಡಿಲ್ಲ, ಹಾಗಾಗಿ ನೂರಕ್ಕೆ ನೂರು ಅನ್ನೋ ಹಾಗಿಲ್ಲ.

ಪ್ರಶ್ನೆ: ಕಾಯಿಲೆ ಬಿದ್ದಿದ್ದಕ್ಕೇ ಅಷ್ಟು ದುಃಖದ ಮ್ಯೂಸಿಕ್ ಬರೆದನಾ? (ಸಕಲೇಶಪುರದಿಂದ)

ಉತ್ತರ: ಈ ಮಾತು ನಂಗೆ ಯಾವತ್ತೂ ಅಷ್ಟಾಗಿ ಹಿಡಿಸಿಲ್ಲ ಸಾರ್. ಕೆಮ್ಮಿದವರೆಲ್ಲಾ ಶೋಪಾನ್ ಆಗಿದ್ರೆ ನಮ್ಮ ಮಲೆನಾಡ ತುಂಬಾ ಶೋಪಾನ್‌ಗಳೇ ಇರಬೇಕಿತ್ತು. 1838ರ ಚಳಿಗಾಲಕ್ಕೆ ಲೇಖಕಿ ಜಾರ್ಜ್ ಸ್ಯಾಂಡ್ ಮತ್ತೆ ಅವಳ ಮಕ್ಕಳ ಜೊತೆ ಬಿಸಿಲಿರುತ್ತೆ ಅಂತ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋದ, ಹೋಗಿ ನೋಡಿದ್ರೆ ಮಳೆ, ಥಂಡಿ, ಮೂರು ಜನ ಡಾಕ್ಟರು ಬಂದು ನೋಡಿದ್ದಾಯ್ತು, ಒಬ್ಬ ಸತ್ತ ಅಂದ, ಒಬ್ಬ ಸಾಯ್ತಿದಾನೆ ಅಂದ, ಇನ್ನೊಬ್ಬ ಸಾಯ್ತಾನೆ ಅಂದ, ಹಾಗಂತ ಅವನೇ ಗೆಳೆಯನಿಗೆ ತಮಾಷೆಯಾಗಿ ಕಾಗದ ಬರೆದಿದ್ದಾನೆ. ಅಂಟುರೋಗ ಅಂತ ಮನೆ ಓನರ್ ಖಾಲಿ ಮಾಡಿಸಿದ. ಅದೇ ದ್ವೀಪದ ವಾಲ್‌ಡೆಮೋಸಾ ಅನ್ನೋ ಊರಿನ ಹಳೇ ಮಠದಲ್ಲಿ ರೂಮು ಹಿಡಿದ್ರು, ಪ್ಯಾರಿಸ್‌ನಿಂದ ಬರಬೇಕಿದ್ದ ಪಿಯಾನೋ ಕಸ್ಟಮ್ಸ್‌ನಲ್ಲಿ ಸಿಕ್ಕಾಕೊಂಡಿತ್ತು. ಆ ಪಾಡಲ್ಲೂ 24 ಪ್ರೆಲ್ಯೂಡ್ (ಪಿಯಾನೋಗೆ ಬರೆದ ಪುಟ್ಟ ಪುಟ್ಟ ರಚನೆಗಳು) ಮುಗಿಸಿದ, ಅದ್ರಲ್ಲಿ ನಗೋವಂಥದ್ದೂ ಇದೆ, ಗುಡುಗೋವಂಥದ್ದೂ ಇದೆ, ಬರೀ ಅಳುವಲ್ಲ. ಸ್ಯಾಂಡ್ ಬರೆದಿರೋ ಪ್ರಕಾರ ರೂಮಿನ ಬಾಗಿಲು ಹಾಕ್ಕೊಂಡು ಒಂದೇ ಸಾಲನ್ನ ನೂರು ಸಲ ಬದಲಾಯಿಸಿ, ಅತ್ತು, ಪೆನ್ನು ಮುರಿದು, ಕೊನೆಗೆ ಮೊದಲು ಬರೆದಿದ್ದಕ್ಕೇ ವಾಪಸ್ ಬರ್ತಿದ್ದನಂತೆ. ಇದು ಜ್ವರದ ಕೆಲಸ ಅಲ್ಲ, ಹಠದ ಕೆಲಸ.

ಆದ್ರೆ ಮೈಯಲ್ಲಿ ಶಕ್ತಿ ಇಲ್ದಿದ್ದು ನುಡಿಸೋದಕ್ಕೆ ತಟ್ಟಿದ್ದು ನಿಜ. ಜೀವಮಾನದಲ್ಲಿ ದೊಡ್ಡ ಕಛೇರಿ ಕೊಟ್ಟಿದ್ದೇ ಸುಮಾರು 30, ಉಳಿದಿದ್ದೆಲ್ಲಾ ಶ್ರೀಮಂತರ ಮನೆ ಹಜಾರದಲ್ಲಿ, ಮೆಲ್ಲಗೆ. ಹೊಟ್ಟೆಪಾಡು ಪಾಠ ಹೇಳಿ ನಡೀತಿತ್ತು.

ಪ್ರಶ್ನೆ: ನಮ್ಮನೇಲಿರೋದು 61 ಕೀ ಕೀಬೋರ್ಡ್. ಶೋಪಾನ್ ನುಡಿಸಬಹುದಾ? (ಹಾಸನ)

ಉತ್ತರ: ಪೂರ್ತಿ ಆಗಲ್ಲ. ಮೆಲ್ಲಗೆ ಒತ್ತಿದ್ರೆ ಮೆಲ್ಲಗೆ ಕೇಳಿಸೋ ಮಾಡೆಲ್ ಆಗಿರಬೇಕು, ಸಸ್ಟೇನ್ ಪೆಡಲ್ (ಕೀ ಬಿಟ್ಟ ಮೇಲೂ ಸ್ವರ ನಿಲ್ಲೋ ಹಾಗೆ ಕಾಲಲ್ಲಿ ಒತ್ತೋದು) ಬೇಕೇ ಬೇಕು. ಅವೆರಡಿದ್ರೆ ಪ್ರೆಲ್ಯೂಡ್‌ಗಳಲ್ಲಿ 7ನೇದರಿಂದ ಶುರು ಮಾಡಿ, ಬರೀ 16 ಬಾರ್ (ನಮ್ಮ ತಾಳದ ಆವರ್ತದ ಹಾಗೆ), ಒಂದು ನಿಮಿಷವೂ ಇಲ್ಲ. ಒಂದು ಕಡೆ ಕೈ ತುಂಬಾ ಅಗಲಿಸಬೇಕಾಗುತ್ತೆ, ಮಕ್ಕಳ ಕೈಗೆ ಎಟುಕದಿದ್ರೆ ಆ ಸ್ವರ ಬಿಟ್ಟು ನುಡಿಸೋಕೆ ಹೇಳಿ, ಬೈಬೇಡಿ.